ನಾಯಿಗೆ ಈಜು ತಾನಾಗೇ ಬರುತ್ತಾ, ಇಲ್ಲಾ ನಾವು ಕಲಿಸ್ಬೇಕಾ?

ತೆಂಗಿನತೋಟ ತಿಪಟೂರು

ಎಲ್ರಿಗೂ ನಮಸ್ಕಾರ. ನಮ್ಮನೇಲಿ ಏಳು ತಿಂಗಳ ಲ್ಯಾಬ್ರಡಾರ್ ಇದೆ, ಹೆಸರು ಕರಿಯ. ಬೆಂಗ್ಳೂರಲ್ಲಿ ಎರಡನೇ ಮಹಡಿ ಮನೇಲೇ ಬೆಳೆದಿರೋದು, ಸ್ನಾನದ ಬಕೆಟ್ ಬಿಟ್ರೆ ಬೇರೆ ನೀರು ಕಂಡಿಲ್ಲ. ಹೋದ ವಾರ ಅಜ್ಜಿ ಊರಿಗೆ ಕರ್ಕೊಂಡು ಹೋಗಿದ್ವಿ, ತೋಟದಲ್ಲಿ ಕೃಷಿ ಹೊಂಡ ತೆಗೆಸಿದಾರೆ, ಈಗ ತುಂಬಿದೆ. ಕರಿಯ ಅಂಚಲ್ಲಿ ನಿಂತು ನೀರಿನ ಕಡೆ ಬೊಗಳ್ತಿದ್ದ. ನಮ್ ಮಾವ "ನಾಯಿಗೆ ಯಾರಾದ್ರೂ ಈಜು ಕಲಿಸ್ತಾರೇನೋ, ಎತ್ತಿ ಹಾಕು, ಒಂದೇ ಸಲಕ್ಕೆ ಬರುತ್ತೆ" ಅಂದ್ಬಿಟ್ಟು ಅವನನ್ನ ಎತ್ಕೊಂಡೇ ಬಿಟ್ರು. ನಾನು ಅಡ್ಡ ನಿಂತೆ, ಬೇಡ ಮಾವ ಅಂದೆ, ಅವರಿಗೆ ಬೇಜಾರಾಯ್ತು, ಊಟದ ಹೊತ್ತಲ್ಲೂ ಅದೇ ಮಾತು. ನಂಗೂ ಸರಿಯಾಗಿ ಗೊತ್ತಿಲ್ಲ. ತಾನಾಗೇ ಬರುತ್ತೆ ಅಂತಾದ್ರೆ ನಾನು ಸುಮ್ನೆ ಹಿರಿಯರ ಜೊತೆ ಜಗಳ ಮಾಡಿದಂಗಾಯ್ತು. ಸಾಕಿರೋರು, ನೋಡಿರೋರು ಹೇಳಿ.

ನಾಲೆಬಯಲು ಮಂಡ್ಯ

ನಿಮ್ ಮಾವ ಹೇಳಿದ್ದೇ ಸರಿ ಕಣಣ್ಣ. ನಾಯ್ಗೆ ಈಜು ಕಲ್ಸದು ಅಂದ್ರೆ ಮೀನಿಗೆ ಈಜು ಹೇಳ್ಕೊಟ್ಟಂಗೆ. ನಮ್ಮೂರ ಪಕ್ಕದಲ್ಲೇ ವಿ.ಸಿ. ನಾಲೆ ಹೋಯ್ತದೆ, ಎಮ್ಮೆ ಮೈ ತೊಳೆಯಕ್ಕೆ ಹೋದಾಗ ನಮ್ ರಾಜ ಮೊದಲನೇ ಸಲ ದುಡುಮ್ ಅಂತ ಬಿದ್ದೋನು ಆ ಕಡೆ ದಡ ಸೇರ್ಕಂಡು ಮೈ ಕೊಡವಿ ನಮ್ಮನ್ನೇ ನೋಡ್ತಾ ನಿಂತ್ಕಂಡಿದ್ದ. ಅವನಿಗೆ ಯಾರು ಕಲ್ಸಿದ್ರು? ಎಮ್ಮೆ ಕರಕ್ಕೆ ಯಾರು ಕಲ್ಸಿದ್ರು? ಈಜು ಕಲೀಬೇಕಾಗಿರದು ಮನುಷ್ಯ ಒಬ್ಬನೇ. ಬೆನ್ನಿಗೆ ಸೋರೆ ಬುರುಡೆ ಕಟ್ಕಂಡು, ಟ್ಯೂಬು ಹಾಕ್ಕಂಡು, ಬಾವಿ ನೀರು ಕುಡ್ಕಂಡು ಕಲೀಬೇಕಾಗಿರದು ನಾವು. ನಾಯಿಗೆ ದೇವ್ರು ಹುಟ್ಟುವಾಗ್ಲೇ ಕೊಟ್ಟವ್ನೆ.

ಪಗ್ ಅಮ್ಮ ಜಯನಗರ

ದಯವಿಟ್ಟು ಎಲ್ಲಾ ನಾಯಿಗೂ ಬರುತ್ತೆ ಅಂತ ಮಾತ್ರ ಬರೀಬೇಡಿ. ಇದನ್ನ ಓದಿ ಯಾರಾದ್ರೂ ಪಗ್‌ನ ನೀರಿಗೆ ಹಾಕಿದ್ರೆ ಏನಾಗುತ್ತೆ ಅಂತ ನಾನು ಕಣ್ಣಾರೆ ನೋಡಿದೀನಿ. ಎರಡು ವರ್ಷದ ಹಿಂದೆ ಒಂದು ಫಾರ್ಮ್‌ಹೌಸ್‌ನಲ್ಲಿ ನಾಯಿ ಸಾಕೋರೆಲ್ಲ ಸೇರಿದ್ವಿ, ಅಲ್ಲಿ ಪೂಲ್ ಇತ್ತು. ಗೋಲ್ಡನ್ನು, ಲ್ಯಾಬು, ಒಂದು ಬೀದಿ ನಾಯಿ ಎಲ್ಲಾ ಆರಾಮಾಗಿ ಈಜ್ತಿದ್ವು, ನಮ್ ಗುಂಡನೂ ಅವರ ಹಿಂದೆ ಹಾರ್ದ. ಕಾಲೇನೋ ಆಡಿಸ್ದ, ಅದು ನಿಜ. ಆದ್ರೆ ಹಿಂಭಾಗ ಕೆಳಗೆ ಇಳೀತಾ ಹೋಯ್ತು, ಮೂಗು ಮೇಲೆ ಇಡಬೇಕು ಅಂದ್ರೆ ತಲೆ ಪೂರ್ತಿ ಹಿಂದಕ್ಕೆ ಎತ್ತಬೇಕು, ತಲೆ ಎತ್ತಿದಷ್ಟೂ ಸೊಂಟ ಇನ್ನೂ ಕೆಳಗೆ. ನೆಟ್ಟಗೆ ನಿಂತಂಗಾಗಿ ಮುಳುಗ್ದ. ಒಂದು ಸದ್ದೂ ಇಲ್ಲ, ಕೂಗ್ಲಿಲ್ಲ, ಬೊಗಳ್ಲಿಲ್ಲ. ನನ್ನ ತಂಗಿ ಬಟ್ಟೆ ಸಮೇತ ಹಾರಿ ಎತ್ಕೊಂಡ್ಳು. ಅಷ್ಟು ಜನ ಸುತ್ತ ಇದ್ವಿ, ನೋಡಿದ್ದು ಅವಳೊಬ್ಳೇ.

ಬಾಗಲಕೋಟಿ ಬೇಟೆನಾಯಿ

ಅಕ್ಕಾರ ಹೇಳಿದ್ದು ಖರೇ ಐತ್ರಿ. ಮೋತಿ ಚಪ್ಪಟಿ ಇದ್ದ ನಾಯಿ ಅಷ್ಟ ಅಲ್ರಿ, ನಮ್ಮ ಮುಧೋಳ ನಾಯೀನೂ ನೀರಾಗ ಅಷ್ಟಕ್ಕಷ್ಟ. ನಮ್ಮ ಅಜ್ಜನ ಕಾಲದಿಂದ ಮನ್ಯಾಗ ಅವನ್ನ ಸಾಕತೇವಿ. ಹೊಲದಾಗ ಬಿಟ್ರ ಮೊಲದ ಬೆನ್ನ ಹತ್ತಿ ಗಾಳಿ ಹಂಗ ಹೋಗ್ತಾವು, ಆದ್ರ ಘಟಪ್ರಭಾ ದಂಡಿಗೆ ಹೋದ್ರ ಮೊಣಕಾಲ ಮಟ ನೀರಾಗ ನಿಂತು ತಿರುಗಿ ಬರ್ತಾವು. ಮೈಮ್ಯಾಗ ಕೊಬ್ಬ ಅನ್ನೋದ ಇಲ್ಲ ನೋಡ್ರಿ, ಎಲುಬು, ನರ, ಮಾಂಸ ಇಷ್ಟ. ಕೊಬ್ಬ ಇದ್ರ ತೇಲತೈತಿ, ಬರೇ ಮಾಂಸಖಂಡ ಇದ್ರ ಇಳೀತೈತಿ. ಎದಿ ಆಳ, ಸೊಂಟ ಸಣ್ಣ, ಹಿಂದ ಕೆಳಗ ಜಗ್ಗತೈತಿ. ಮ್ಯಾಲ ಕೂದಲಾ ಸಣ್ಣ, ತಣ್ಣೀರಾಗ ಜಲ್ದಿ ನಡಗತಾವು. ಈಜಾಕ ಬರಂಗಿಲ್ಲ ಅಂತ ಅಲ್ಲ, ನಮ್ಮ ಒಂದ ಹೆಣ್ಣನಾಯಿ ಹಳ್ಳ ದಾಟತಿತ್ತು, ಆದ್ರ ಅದಕ್ಕ ಹತ್ತು ಹದಿನೈದು ದಿನ ನಾನ ಮುಂದ ಹೋಗಿ, ಹೊಟ್ಟಿಗೆ ಕೈ ಕೊಟ್ಟು ರೂಢಿ ಮಾಡಿಸಿದ್ದೆ. ಓಡಾಕ ಹುಟ್ಟಿದ ಜಾತಿ ಅದು, ನೀರಿಗೆ ಹುಟ್ಟಿದ್ದಲ್ಲ.

ನಿವೃತ್ತ ಪಶುವೈದ್ಯೆ ಸಾಗರ

ಹಳ್ಳಿ ಪಶು ಆಸ್ಪತ್ರೆಗಳಲ್ಲೇ ಮೂವತ್ತು ವರ್ಷ ಕೆಲಸ ಮಾಡಿದೋಳು ನಾನು. ಇಲ್ಲಿ ಎರಡು ಪ್ರಶ್ನೆ ಒಂದರೊಳಗೊಂದು ಸೇರ್ಕೊಂಡಿದೆ ಅನ್ಸುತ್ತೆ, ಬಿಡಿಸಿ ನೋಡೋಣ.

ಕಾಲು ಆಡಿಸೋದು ಹುಟ್ಟಿನಿಂದಲೇ ಬಂದಿದ್ದು, ಅದರಲ್ಲಿ ಅನುಮಾನ ಬೇಡ. ಸ್ನಾನ ಮಾಡಿಸೋಕೆ ಅಂತ ನಾಯೀನ ಟಬ್ ಮೇಲೆ ಎತ್ತಿ ಹಿಡೀರಿ, ಎಷ್ಟೋ ನಾಯಿಗಳು ನೀರು ಮುಟ್ಟೋಕೆ ಮುಂಚೆನೇ ಗಾಳಿಯಲ್ಲೇ ಕಾಲು ಹೊಡೆಯೋಕೆ ಶುರು ಮಾಡ್ತಾವೆ. ಅಮೆರಿಕದಲ್ಲಿ ಫ್ರಾಂಕ್ ಫಿಶ್ ಅಂತ ಒಬ್ಬರು ಜೀವವಿಜ್ಞಾನಿ ಇದಾರೆ, ನಾಯಿಗಳು ಈಜೋದನ್ನ ನೀರೊಳಗಿಂದ ವಿಡಿಯೋ ಮಾಡಿ ನೋಡಿದಾರೆ. ಪುಟ್ಟ ಯಾರ್ಕ್‌ಷೈರ್ ಟೆರಿಯರ್‌ನಿಂದ ಹಿಡಿದು ದೊಡ್ಡ ನ್ಯೂಫೌಂಡ್‌ಲ್ಯಾಂಡ್‌ವರೆಗೆ ಎಲ್ಲದೂ ಹೆಚ್ಚುಕಡಿಮೆ ಒಂದೇ ಥರ ಕಾಲು ಆಡಿಸ್ತಿದ್ವು, ನೆಲದ ಮೇಲೆ ಕುಕ್ಕುಲೋಟ ಓಡುವಾಗ ಮುಂದಿನ ಬಲಗಾಲು ಹಿಂದಿನ ಎಡಗಾಲು ಒಟ್ಟಿಗೆ ಹೋಗುತ್ತಲ್ಲ, ಹಾಗೆ. ಅಂದ್ರೆ ನಾಯಿ ನೀರಿನಲ್ಲಿ ಹೊಸದಾಗಿ ಏನೂ ಕಲಿಯಬೇಕಿಲ್ಲ, ಗೊತ್ತಿರೋ ಓಟವನ್ನೇ ನೀರಲ್ಲಿ ಓಡುತ್ತೆ. ಮೈ ಅಡ್ಡಕ್ಕೆ ಇರುತ್ತೆ, ಮೂಗು ಮುಂದೆ ಇರುತ್ತೆ, ಹಾಗಾಗಿ ದನ ಎಮ್ಮೆಗೂ ಅದು ಸಲೀಸು. ನಾವು ನೆಟ್ಟಗೆ ನಡೆಯೋರು, ನಮ್ಮ ನಡಿಗೆ ನೀರಲ್ಲಿ ಉಪಯೋಗಕ್ಕೆ ಬರಲ್ಲ.

ಆದ್ರೆ ಕಾಲು ಆಡಿಸೋದೇ ಈಜು ಅಲ್ಲ. ಮೊದಲ ಸಲ ನೀರಿಗೆ ಬಿದ್ದ ನಾಯೀನ ನೋಡಿ, ಮುಂಗಾಲು ನೀರಿಂದ ಆಚೆ ಬರೋಷ್ಟು ಎತ್ತಿ ಎತ್ತಿ ಹೊಡೆಯುತ್ತೆ, ನೀರು ಚಿಮ್ಮುತ್ತೆ, ಹಿಂಗಾಲು ಕೆಲಸ ಮಾಡಲ್ಲ, ಮೈ ನೆಟ್ಟಗಾಗುತ್ತೆ. ಪಳಗಿದ ನಾಯಿ ಈಜುವಾಗ ಸದ್ದೇ ಬರಲ್ಲ, ಬೆನ್ನು ನೀರಿಗೆ ಸಮ, ಬಾಲ ಹಿಂದೆ ಚುಕ್ಕಾಣಿ ಥರ. ಈ ಎರಡರ ನಡುವಿನ ದಾರಿ ಅಭ್ಯಾಸದಿಂದ ಬರೋದು. ಲ್ಯಾಬಿಗೆ ಅದು ಒಂದೆರಡು ದಿನದ ಕೆಲಸ. ಪಗ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್‌ಗೆ ಎಷ್ಟು ಕಲಿಸಿದ್ರೂ ಬಾರದೇ ಇರಬಹುದು, ಅವಕ್ಕೆ ಉಸಿರಾಟವೇ ಕಷ್ಟ, ತಲೆ ಭಾರ ಬೇರೆ. ಡ್ಯಾಶ್‌ಹೌಂಡ್, ಬ್ಯಾಸೆಟ್ ಹೌಂಡ್ ಇವುಗಳ ಕಾಲು ಗಿಡ್ಡ, ಉದ್ದ ಮೈ ಹೊತ್ತುಕೊಂಡು ಹೋಗೋಕೆ ಸಾಲಲ್ಲ.

ತಿಪಟೂರಿನವರೇ, ನೀವು ಅಡ್ಡ ನಿಂತಿದ್ದು ಒಳ್ಳೇದೇ ಆಯ್ತು. ಎಸೆದ ನಾಯಿ ಮುಳುಗದೇ ಇರಬಹುದು, ಆದ್ರೆ ಎಷ್ಟೋ ನಾಯಿಗಳು ಆಮೇಲೆ ನೀರಿನ ಹತ್ರಾನೇ ಹೋಗಲ್ಲ, ಎಸೆದವರ ಹತ್ರಾನೂ ಹೋಗಲ್ಲ.

ನಾಲೆಬಯಲು ಮಂಡ್ಯ

ಡಾಕ್ಟ್ರಮ್ಮ ಹೇಳಿದ್ ಮೇಲೆ ಒಪ್ಕೋತೀನಿ ಪಗ್ಗು ಬೇರೆ. ಆದ್ರೆ ಲ್ಯಾಬ್ರಡಾರು, ನಾಡು ನಾಯಿ, ಇವಕ್ಕೆ ಇಷ್ಟೆಲ್ಲಾ ಟ್ರೈನಿಂಗ್ ಬೇಕಾ ಮೇಡಂ? ಬೀದಿ ನಾಯಿ ಮಳೆಗಾಲದಲ್ಲಿ ಹಳ್ಳ ಕೊಳ್ಳ ಎಲ್ಲಾ ದಾಟ್ಕಂಡು ಬತ್ತವೆ, ಅವಕ್ಕೆ ಹೊಟ್ಟೆಗೆ ಕೈ ಕೊಟ್ಟವರು ಯಾರೂ ಇಲ್ಲ.

ಟೊರೊಂಟೊ ಕನ್ನಡತಿ

ಲ್ಯಾಬ್ ಬಗ್ಗೆ ಒಂದ್ ಮಾತು. ನಮ್ಮನೇಲೂ ಇದೆ, ಲೇಕ್ ಒಂಟಾರಿಯೋ ಹತ್ರ ಇರೋದು ನಾವು, ಬೇಸಿಗೆಯಲ್ಲಿ ಅವಳನ್ನ ನೀರಿಂದ ಹೊರಗೆ ತರೋದೇ ಕೆಲಸ. ಲ್ಯಾಬ್ರಡಾರ್‌ಗೆ ನೀರು ಅಂದ್ರೆ ಪ್ರಾಣ ಅನ್ನೋದಕ್ಕೆ ಕಾರಣ ಇದೆ. ಇಲ್ಲೇ ಕೆನಡಾದ ಪೂರ್ವಕ್ಕೆ ನ್ಯೂಫೌಂಡ್‌ಲ್ಯಾಂಡ್ ದ್ವೀಪ, ಅಲ್ಲಿ ಮೀನುಗಾರರ ಹತ್ರ ಸೇಂಟ್ ಜಾನ್ಸ್ ನಾಯಿ ಅಂತ ಒಂದು ಜಾತಿ ಇತ್ತು, ಬಲೆ ಹಗ್ಗ ಎಳೆಯೋದು, ತಪ್ಪಿಸ್ಕೊಂಡ ಮೀನು ಹಿಡ್ಕೊಂಡು ಬರೋದು ಅದರ ಕೆಲಸ. ಅವನ್ನ 19ನೇ ಶತಮಾನದಲ್ಲಿ ಇಂಗ್ಲೆಂಡಿಗೆ ತಗೊಂಡು ಹೋಗಿ ಬೆಳೆಸಿ ಬಂದಿದ್ದೇ ಲ್ಯಾಬ್ರಡಾರ್, 1903ರಲ್ಲಿ ಅಲ್ಲಿನ ಕೆನಲ್ ಕ್ಲಬ್ ಒಪ್ಕೊಂಡಿದ್ದು. ಬೆರಳ ಮಧ್ಯೆ ಚರ್ಮ, ಎರಡು ಪದರದ ಕೂದಲು, ದಪ್ಪ ಬಾಲ, ಎಲ್ಲಾ ಆ ತಣ್ಣೀರಿನ ಸಮುದ್ರದ್ದು. ಹಾಗಿದ್ರೂ ನಮ್ಮವಳು ಮೊದಲ ಬೇಸಿಗೆ ಪೂರ್ತಿ ಹೊಟ್ಟೆ ತಾಗೋ ನೀರಿಗಿಂತ ಮುಂದೆ ಹೋಗ್ಲಿಲ್ಲ. ಪಕ್ಕದ ಮನೆ ಮುದಿ ನಾಯಿ ಒಂದಿನ ಚೆಂಡಿನ ಹಿಂದೆ ಈಜ್ಕೊಂಡು ಹೋಯ್ತು, ಇವಳು ಹಿಂದೇನೇ ಹೋದ್ಳು, ಅಷ್ಟೇ. ನಾನು ತಿಂಗಳುಗಟ್ಟಲೆ ಕರೆದಿದ್ದಕ್ಕೆ ಬಾರದವಳು ಇನ್ನೊಂದು ನಾಯೀನ ನೋಡಿ ಹೋದ್ಳು.

ಕಡಲಕರೆ ಉಡುಪಿ

ನಮ್ಮಲ್ಲಿ ಮರವಂತೆ ಕಡೆ ದೋಣಿಯವರ ಹತ್ರ ಇರುವ ಊರ ನಾಯಿಗಳು ನದಿಯಲ್ಲಿ ಚಂದ ಈಜ್ತವೆ ಮಾರ್ರೆ. ಆದ್ರೆ ಸಮುದ್ರಕ್ಕೆ ಅವು ಇಳಿಯುದಿಲ್ಲ, ಅಲೆ ಕಾಲಿಗೆ ತಾಗುವಲ್ಲಿ ನಿಲ್ತವೆ. ಯಾರೂ ಹೇಳಿ ಕೊಟ್ಟದ್ದಲ್ಲ. ಪೇಟೆಯಿಂದ ಬರುವ ಪ್ರವಾಸಿಗಳ ನಾಯಿ ಮಾತ್ರ ಅಲೆಯ ಮೇಲೆ ಹಾರಿ ಹೋಗುದು, ಉಪ್ಪು ನೀರು ಕುಡಿದು ಸಂಜೆಗೆ ವಾಂತಿ ಭೇದಿ. ನಮ್ಮ ಮನೆಯ ಹತ್ರ ರೂಮ್ ಮಾಡಿದವರ ನಾಯಿಗೆ ಹಾಗೇ ಆಗಿ ಡ್ರಿಪ್ಸ್ ಹಾಕುವಲ್ಲಿಗೆ ಬಂತು. ಮಳೆಗಾಲದಲ್ಲಂತೂ ಸಮುದ್ರಕ್ಕೆ ಬಿಡ್ಲೇಬೇಡಿ, ಈಜು ಬರುವ ಮನುಷ್ಯರನ್ನೇ ಎಳ್ಕೊಂಡು ಹೋಗ್ತದೆ.

ಚಳ್ಳಕೆರೆ ಶೇಂಗಾ

ಎರಡು ದಿನದಿಂದ ಓದ್ತಾ ಇದೀನಿ, ಬರೀಬೇಕೋ ಬೇಡ್ವೋ ಅಂತ ಯೋಚ್ನೆ ಮಾಡ್ದೆ. ಮೊದಲನೇ ಮೆಸೇಜಲ್ಲಿ ಕೃಷಿ ಹೊಂಡ ಅಂತ ನೋಡಿದ್ದಕ್ಕೆ ಬರೀತಿದೀನಿ.

ನಮ್ಮ ಕೆಂಚ ನಾಡು ನಾಯಿ. ಆರು ವರ್ಷ. ಈಜು ಅಂದ್ರೆ ಅವನಿಗೆ ಕೇಳಲೇಬೇಕಾಗಿರ್ಲಿಲ್ಲ, ಮರಿ ಇದ್ದಾಗಿಂದ್ಲೂ ಕೆರೆಗೆ ನನ್ ಜೊತೆ ಬಂದು ಈ ದಡ ಆ ದಡ ಮಾಡ್ತಿದ್ದ. ಕೃಷಿ ಭಾಗ್ಯದಲ್ಲಿ ನಮ್ ಹೊಲಕ್ಕೂ ಹೊಂಡ ಬಂತು, ನಾಲ್ಕೂ ಕಡೆ ಇಳಿಜಾರು, ಮೇಲೆ ಕಪ್ಪು ಪ್ಲಾಸ್ಟಿಕ್ ಶೀಟು. ಆ ವರ್ಷ ಮಳೆ ಚೆನ್ನಾಗಾಗಿ ಮುಕ್ಕಾಲು ತುಂಬಿತ್ತು. ಒಂದಿನ ರಾತ್ರಿ ಕೆಂಚ ಮನೆಗೆ ಬರಲಿಲ್ಲ, ಎಲ್ಲೋ ಹೋಗಿರ್ತಾನೆ ಬತ್ತಾನೆ ಅಂತ ಮಲ್ಕೊಂಡ್ವಿ. ಬೆಳಿಗ್ಗೆ ನಮ್ಮಪ್ಪ ಮೋಟ್ರು ಹಾಕೋಕೆ ಹೋದಾಗ ತೇಲ್ತಿದ್ದ.

ನೀರಿನ ಅಂಚಲ್ಲಿ ಶೀಟಿನ ಮೇಲೆ ಹಸಿರು ಪಾಚಿ ಕಟ್ಟಿತ್ತು. ಆ ಪಾಚೀಲಿ ಉಗುರಿನ ಗೆರೆ. ಒಂದು ಕಡೆ ಅಲ್ಲ, ನಾಲ್ಕೂ ಕಡೆ, ಸುತ್ತಲೂ, ಒಂದರ ಪಕ್ಕ ಒಂದು. ಎಷ್ಟು ಹೊತ್ತು ಸುತ್ತಿದಾನೋ, ಎಷ್ಟು ಸಲ ಹತ್ತೋಕೆ ನೋಡಿದಾನೋ. ಅವನು ಈಜು ಬರದೆ ಸತ್ತಿದ್ದಲ್ಲ ಸರ್. ಈಜಿ ಈಜಿ ಸುಸ್ತಾಗಿ ಸತ್ತಿದ್ದು.

ಕೆರೇಲಾದ್ರೆ ಯಾವ ಕಡೆ ಹೋದ್ರೂ ನೆಲ ಸಿಗುತ್ತೆ, ಕಾಲಿಗೆ ಮಣ್ಣು ಸಿಗುತ್ತೆ. ಆ ಶೀಟಿನ ಮೇಲೆ ಮನುಷ್ಯನೇ ನಿಲ್ಲಕ್ಕಾಗಲ್ಲ, ನಮ್ ಕಡೆ ಮಕ್ಕಳೂ ಬಿದ್ದು ಹೋಗಿದಾವೆ. ನಿಮ್ ಮಾವ ಎತ್ತಿ ಹಾಕಿದ್ರೆ ನಿಮ್ಮ ನಾಯಿ ಈಜ್ತಿತ್ತು, ಖಂಡಿತ ಈಜ್ತಿತ್ತು. ಹೊರಗೆ ಬರ್ತಿರ್ಲಿಲ್ಲ. ಅದನ್ನ ಎತ್ತೋಕೆ ನೀವಿಳಿದಿದ್ರೆ ನಿಮ್ಮ ಕಥೆನೂ ಅಷ್ಟೇ.

ನಾಲೆಬಯಲು ಮಂಡ್ಯ

ಅಣ್ಣ ಓದಿ ಮನಸ್ಸಿಗೆ ತುಂಬಾ ಬೇಜಾರಾಯ್ತು. ನಾನು ಮೇಲೆ ಬರೆದಿದ್ದು ಹಂಗೇ ಇರ್ಲಿ, ಆದ್ರೆ ಒಂದ್ ಮಾತು ಸೇರಿಸ್ತೀನಿ. ರಾಜ ದಾಟಿದ ಜಾಗ ಇತ್ತಲ್ಲ, ಅಲ್ಲಿ ದನ ಇಳಿಯೋ ಸೋಪಾನ ಇತ್ತು. ಅವನು ಆ ಕಡೆ ಹತ್ತಿದ್ದು ಅದರಿಂದ. ಇವತ್ತು ಬೆಳಿಗ್ಗೆ ಹೋಗಿ ನೋಡ್ಕಂಡು ಬಂದೆ, ಸಿಮೆಂಟ್ ಹಾಕಿರೋ ಕಡೆ ಗೋಡೆ ನುಣ್ಣಗೆ ಐತೆ, ನೀರಿನ ಸೆಳೆತ ಬೇರೆ, ಆ ಜಾಗದಲ್ಲಿ ಬಿದ್ದಿದ್ರೆ ರಾಜನೂ ಹತ್ತಕ್ಕಾಯ್ತಿರ್ಲಿಲ್ಲ. ಇಷ್ಟ್ ವರ್ಷ ಅವನು ಈಜಿದ್ದನ್ನೇ ನೋಡಿದ್ದೆ, ಹತ್ತಿದ್ದು ನೋಡೇ ಇರ್ಲಿಲ್ಲ.

ನಿವೃತ್ತ ಪಶುವೈದ್ಯೆ ಸಾಗರ

ಚಳ್ಳಕೆರೆಯವರು ಬರೆದಿದ್ದೇ ಈ ಪ್ರಶ್ನೆಗೆ ಸರಿಯಾದ ಉತ್ತರ. ನನ್ನ ಸರ್ವಿಸ್‌ನಲ್ಲಿ ಬಾವಿಗೆ, ಹೊಂಡಕ್ಕೆ, ತೊಟ್ಟಿಗೆ ಬಿದ್ದ ನಾಯಿಗಳನ್ನ ಎಷ್ಟೋ ಸಲ ತಂದಿದಾರೆ. ಕಾಲು ಆಡಿಸೋದು ಹುಟ್ಟಿನಿಂದ ಬರುತ್ತೆ, ಎಲ್ಲಿ ಹತ್ತಬೇಕು ಅನ್ನೋದು ಬರಲ್ಲ. ಗಾಬರಿಯಾದ ನಾಯಿ ಬಿದ್ದ ಜಾಗಕ್ಕೇ ವಾಪಸ್ ಹೋಗುತ್ತೆ, ಅಥವಾ ಯಜಮಾನ ಎಲ್ಲಿ ನಿಂತು ಕೂಗ್ತಿದಾನೋ ಅಲ್ಲಿಗೆ ಬಂದು ಅಲ್ಲೇ ಗೋಡೆ ಕೆರೆಯುತ್ತೆ. ಎರಡು ಮಾರು ಪಕ್ಕದಲ್ಲೇ ಮೆಟ್ಟಿಲಿದ್ರೂ ಕಾಣಲ್ಲ. ಹಾಗಾಗಿ ಕೂಗೋರು ಮೆಟ್ಟಿಲ ಹತ್ರ ಹೋಗಿ ನಿಂತು ಕೂಗಬೇಕು.

ಕಲಿಸೋರು ಈಜಿನಿಂದ ಶುರು ಮಾಡಬೇಡಿ, ಹತ್ತೋದರಿಂದ ಶುರು ಮಾಡಿ. ಮೆಟ್ಟಿಲ ಮೇಲೆ, ಕಾಲು ನೆಲಕ್ಕೆ ತಾಗೋ ನೀರಲ್ಲಿ ನಿಲ್ಲಿಸಿ, ಅಲ್ಲಿಂದ ಮೇಲೆ ಬರಲಿ, ಮತ್ತೆ ಇಳಿಯಲಿ, ಮತ್ತೆ ಬರಲಿ. ಆಮೇಲೆ ಒಂದು ಮೊಳ ಆಳ, ಆಮೇಲೆ ಎರಡು. ಕತ್ತಿನ ಪಟ್ಟಿಗೆ ಹಗ್ಗ ಕಟ್ಟಬೇಡಿ, ಎದೆಗೆ ಹಾಕೋ ಹಾರ್ನೆಸ್‌ಗೆ ಕಟ್ಟಿ. ಬೆನ್ನ ಮೇಲೆ ಹಿಡಿ ಇರೋ ಲೈಫ್ ಜಾಕೆಟ್ ಸಿಕ್ಕಿದ್ರೆ ಇನ್ನೂ ಒಳ್ಳೇದು. ಒಂದು ಕೈ ಕೆಳಹೊಟ್ಟೆ ಕೆಳಗೆ, ಸೊಂಟದ ಹತ್ರ ಇಡಿ, ಸೊಂಟ ಮೇಲೆ ಬಂದ ಕೂಡ್ಲೇ ಹಿಂಗಾಲು ತಾನಾಗೇ ಕೆಲಸ ಶುರು ಮಾಡುತ್ತೆ. ಐದು ನಿಮಿಷ ಸಾಕು ಒಂದು ಸಲಕ್ಕೆ. ನಾಯಿ ತಾನಾಗಿ ಸುಸ್ತಾಯ್ತು ಅಂತ ಹೇಳಲ್ಲ.

ಚೆಂಡು ಎಸೆದು ಎಸೆದು ಆಡಿಸೋರಿಗೂ ಒಂದು ಮಾತು. ಬಾಯಿ ತೆರ್ಕೊಂಡು ಚೆಂಡು ಹಿಡಿಯುವಾಗ ನೀರು ಒಳಗೆ ಹೋಗ್ತಾನೇ ಇರುತ್ತೆ. ಸಿಹಿನೀರು ಹಾಗೆ ಜಾಸ್ತಿ ಒಳಗೆ ಹೋದ್ರೆ ರಕ್ತದಲ್ಲಿ ಸೋಡಿಯಂ ಇಳಿದು ಹೋಗುತ್ತೆ. ಹೊಟ್ಟೆ ಉಬ್ಬರ, ಜೊಲ್ಲು, ತೂರಾಡೋದು, ವಾಂತಿ ಕಂಡ್ರೆ ನಾಳೆ ನೋಡೋಣ ಅನ್ನದೆ ತಕ್ಷಣ ಡಾಕ್ಟರ ಹತ್ರ ಹೋಗಿ. ಮುಳುಗಿ ಬದುಕಿದ ನಾಯಿ ಎದ್ದು ಓಡಾಡಿದ್ರೂ ತೋರಿಸಬೇಕು, ಪುಪ್ಪುಸದಲ್ಲಿ ನೀರಿದ್ರೆ ಗಂಟೆಗಳಾದ ಮೇಲೂ ಉಸಿರು ಕಟ್ಟಬಹುದು. ಮಲೆನಾಡು, ಕರಾವಳಿಯೋರು ಇಲಿಜ್ವರದ ಲಸಿಕೆ ಹಾಕಿಸದೆ ಗದ್ದೆ ನೀರಿಗೆ, ನಿಂತ ನೀರಿಗೆ ಬಿಡಬೇಡಿ. ಜೋಲು ಕಿವಿ ಇದ್ರೆ ಈಜಿದ ಮೇಲೆ ಒರೆಸಿ ಒಣಗಿಸಿ.

ಬಾಗಲಕೋಟಿ ಬೇಟೆನಾಯಿ

ಡಾಕ್ಟರ್ ಅಮ್ಮಾರ, ಇನ್ನೊಂದ ಮಾತ ಹೇಳತೇನ್ರಿ. 2019ರಾಗ ಆಗಸ್ಟ್ ತಿಂಗಳ ನಮ್ಮ ಕಡೆ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಎಲ್ಲಾ ಒಮ್ಮೆಲೆ ಬಂದ್ವು. ಊರ ಬಿಟ್ಟು ಹೋಗೂ ಗದ್ದಲದಾಗ ಕೆಲವ್ರು ನಾಯಿ ಕಟ್ಟಿದ್ದು ಕಟ್ಟಿದಂಗ ಬಿಟ್ಟು ಹೋಗಿದ್ರು. ಬಿಚ್ಚಿ ಬಿಟ್ಟ ನಾಯಿಗೋಳು ಗುಡಿ ಮ್ಯಾಲ, ಮಾಳಿಗಿ ಮ್ಯಾಲ ಹತ್ತಿ ಉಳಕೊಂಡ್ವು. ಕಟ್ಟಿದ್ದು ಉಳೀಲಿಲ್ಲ. ನೀರ ಏರಾಕತ್ತಿದ್ರ ಏನೂ ತಗೊಂಡು ಹೋಗಾಕ ಆಗದಿದ್ರೂ ಸರಪಳಿ ಬಿಚ್ಚಿ ಹೋಗ್ರಿ.

ಪಗ್ ಅಮ್ಮ ಜಯನಗರ

ಚಳ್ಳಕೆರೆ ಅಣ್ಣ, ನಿಮ್ ಕೆಂಚನ ಬಗ್ಗೆ ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಬರೆದಿದ್ದಕ್ಕೆ ಥ್ಯಾಂಕ್ಸ್. ಆ ಫಾರ್ಮ್‌ಹೌಸ್ ಪೂಲ್‌ಗೂ ಗೋಡೆಗೆ ಸಿಕ್ಕಿಸಿದ ಸ್ಟೀಲ್ ಏಣಿ ಒಂದೇ ಇದ್ದಿದ್ದು. ಅದು ಮನುಷ್ಯರಿಗೆ, ನಾಯಿಗಲ್ಲ.

ಅಡಿಕೆ ಚನ್ನಗಿರಿ

ಹೊಂಡದಿಂದ ನಾಯಿ ಹತ್ತೋ ಥರ ಏನ್ ಮಾಡ್ಬೋದು? ನಾವು ಹಗ್ಗ ಇಳಿಬಿಟ್ಟಿದೀವಿ, ಅದು ಜನಕ್ಕಾಯ್ತು. ನಾಯಿ ಹಗ್ಗ ಹಿಡಿಯಲ್ವಲ್ಲ.

ಚಳ್ಳಕೆರೆ ಶೇಂಗಾ

ನಾನು ಆಮೇಲೆ ಮಾಡಿದ್ದು ಹೇಳ್ತೀನಿ. ಹಳೇ ಟೈರು, ಲಾರೀದು ಆಗ್ಬೋದು ಟ್ರ್ಯಾಕ್ಟರ್ ಮುಂದಿನ ಚಕ್ರದ್ದು ಆಗ್ಬೋದು, ಪಂಚರ್ ಅಂಗಡೀಲಿ ಕೇಳಿದ್ರೆ ಕೊಡ್ತಾರೆ. ಒಂದಕ್ಕೊಂದು ನೈಲಾನ್ ಹಗ್ಗದಲ್ಲಿ ಕಟ್ಟಿ ಮೇಲಿಂದ ಇಳಿಜಾರಲ್ಲಿ ಮಲಗಿಸಿ ಬಿಡೋದು, ಕೆಳಗಿನ ಎರಡು ಮೂರು ಟೈರು ನೀರೊಳಗೆ ಇರ್ಬೇಕು, ನೀರು ಇಳಿದ್ರೂ ಸಿಗ್ಬೇಕು ಹಂಗೆ. ಮೇಲೆ ಹಗ್ಗಾನ ಕಲ್ಲು ಕಂಬಕ್ಕೆ ಬಿಗೀಬೇಕು. ಬಿದಿರು, ಮರದ ಏಣಿ ಹಾಕ್ಬೇಡಿ, ಚೂಪು ತಾಗಿ ಶೀಟು ಹರಿಯುತ್ತೆ. ಟೈರೊಳಗೆ ತಂತಿ ಎದ್ದಿದ್ರೆ ಅದನ್ನ ಹಾಕ್ಬೇಡಿ. ಇದಕ್ಕಿಂತ ಮುಖ್ಯ ಸುತ್ತ ಬೇಲಿ, ಕೆಳಗಡೆ ನಾಯಿ ನುಗ್ಗದಂಗೆ ಮೆಷ್. ನಾವು ಮೊದಲೇ ಬೇಲಿ ಹಾಕಿದ್ರೆ ಟೈರಿನ ಮಾತೇ ಇರ್ತಿರ್ಲಿಲ್ಲ.

ತೆಂಗಿನತೋಟ ತಿಪಟೂರು

ಎಲ್ರಿಗೂ ದೊಡ್ಡ ನಮಸ್ಕಾರ. ಮೂರು ವಾರ ಆದ್ಮೇಲೆ ಬರೀತಿದೀನಿ. ಚಳ್ಳಕೆರೆ ಅಣ್ಣನ ಮೆಸೇಜನ್ನ ಮಾವನಿಗೆ ಫೋನಲ್ಲೇ ಓದಿ ಹೇಳ್ದೆ. ಅವರು ಏನೂ ಮಾತಾಡ್ಲಿಲ್ಲ, ಇಡು ಆಮೇಲೆ ಮಾಡ್ತೀನಿ ಅಂದ್ರು. ಹೋದ ಶನಿವಾರ ನಾವು ಊರಿಗೆ ಹೋಗೋಷ್ಟ್ರಲ್ಲಿ ಟೈರು ತಂದು ಕಟ್ಟಿ ಇಳಿಬಿಟ್ಟಿದ್ರು. ಟೈರಿನ ಮೇಲೆ ತೆಂಗಿನ ನಾರಿನ ಚಾಪೆ ಬಿಗಿದಿದಾರೆ, ಕಾಲು ಸಂದಿಗೆ ಸಿಕ್ಕಾಕೊಳ್ಳದೆ ಇರ್ಲಿ ಅಂತ, ಅದು ಅವರದೇ ಐಡಿಯಾ.

ಕರಿಯನ್ನ ಮೊದಲು ಪಕ್ಕದೂರ ಕಟ್ಟೆ ಹತ್ರ ಕರ್ಕೊಂಡು ಹೋದ್ವಿ, ಅಲ್ಲಿ ಕಲ್ಲಿನ ಮೆಟ್ಲಿದೆ. ಡಾಕ್ಟ್ರಮ್ಮ ಹೇಳಿದಂಗೇ ಹತ್ತೋದು ಇಳಿಯೋದು. ಎರಡನೇ ದಿನ ನೆಲ ಬಿಟ್ಟ. ಮುಂಗಾಲಲ್ಲಿ ನೀರು ಚಚ್ಚಿ ನಮ್ ಮುಖಕ್ಕೆಲ್ಲಾ ಹಾರಿಸ್ದ, ನಾನು ಸೊಂಟಕ್ಕೆ ಕೈ ಕೊಟ್ಟೆ, ಒಂದ್ ಹತ್ತು ಸೆಕೆಂಡ್ ಆಗಿರ್ಬೋದು, ಚಚ್ಚೋದು ನಿಂತೋಯ್ತು, ಸದ್ದಿಲ್ದೆ ಮುಂದೆ ಹೋದ. ಆ ಕ್ಷಣ ಹೆಂಗಿತ್ತು ಅಂತ ಬರೆಯೋಕೆ ಬರ್ತಿಲ್ಲ. ಅದನ್ನ ನಾನು ಕಲಿಸಿದ್ದಲ್ಲ, ಅವನೊಳಗೇ ಇತ್ತು.

ಹೊಂಡದಲ್ಲಿ ಬೇರೆನೇ ಆಯ್ತು. ಹಾರ್ನೆಸ್ ಹಾಕಿ ಹಗ್ಗ ಮಾವನ ಕೈಲಿ ಕೊಟ್ಟು ಟೈರಿನ ಮೇಲಿಂದ ಇಳಿಸಿದ್ವಿ. ಚೆನ್ನಾಗಿ ಈಜ್ದ. ವಾಪಸ್ ಬಾ ಅಂದ್ರೆ ನಾನು ನಿಂತ ಕಡೆಗೇ ನೇರ ಬಂದು ಶೀಟು ಕೆರೆಯೋಕೆ ಶುರು ಮಾಡ್ದ, ಟೈರು ಮೂರಡಿ ಪಕ್ಕದಲ್ಲೇ ಇತ್ತು. ಜಾರ್ತಾನೆ, ಮತ್ತೆ ಕೆರೀತಾನೆ, ನನ್ನ ಮುಖಾನೇ ನೋಡ್ತಾನೆ. ನಾನು ಟೈರಿನ ಹತ್ರ ಓಡಿದ್ ಮೇಲೆ ಅಲ್ಲಿಗೆ ತಿರುಗ್ದ. ಅವತ್ತು ಎಂಟು ಸಲ ಮಾಡಿಸಿದ್ವಿ, ಮಾರನೇ ದಿನ ಮತ್ತೆ. ಕೊನೇ ಸಲ ನಾನು ಬೇಕಂತಾನೇ ಎದುರು ದಡದಲ್ಲಿ ನಿಂತು ಕರೆದೆ, ಅವನು ನನ್ನ ಕಡೆ ಒಂದ್ಸಲ ನೋಡಿ, ತಿರುಗಿ, ಟೈರಿನ ಕಡೆ ಹೋಗಿ ಹತ್ತಿ ಸುತ್ತು ಹಾಕ್ಕೊಂಡು ಓಡಿ ಬಂದ.

ಬೇಲಿಗೆ ಕಂಬ ಬಂದಿದೆ, ಮುಂದಿನ ವಾರ ನೆಡ್ತಾರೆ.

ಚಳ್ಳಕೆರೆ ಶೇಂಗಾ

ಒಳ್ಳೇದಾಯ್ತು. ಟೈರು ಒಂದೇ ಕಡೆ ಇದ್ಯಾ?

ತೆಂಗಿನತೋಟ ತಿಪಟೂರು

ಸದ್ಯಕ್ಕೆ ಒಂದೇ ಕಡೆ ಅಣ್ಣ. ಎದುರುಗಡೆಗೂ ಒಂದು ಸಾಲು ಕಟ್ಬೇಕು ಅಂತ ಮಾವ ಇವತ್ತು ಇನ್ನೂ ಏಳು ಟೈರು ಹಾಕ್ಕೊಂಡು ಬಂದಿದಾರೆ.